ನೆನೆಹಾಕಿದ ಮಾತು

ಒಂದು ಕಾಡಿನಲ್ಲಿ ಒಂದೂ ಮರವಿರಲಿಲ್ಲ. ಎಲೆಯಿರಲಿಲ್ಲ, ಹಕ್ಕಿಯಿರಲಿಲ್ಲ, ಗಾಳಿಯಂತೂ ಇರಲೇ ಇಲ್ಲ. ಯಾಕೆಂದರೆ ಆ ಕಾಡು ಇದ್ದದ್ದು ಭೂಮಿಯ ದಕ್ಷಿಣದ ತುದಿಯಲ್ಲಿ, ಹೆಪ್ಪುಗಟ್ಟಿದ ಕಡಲಿನ ತಳದಲ್ಲಿ. ಮೇಲೆ ಮಂಜುಗಡ್ಡೆಯ ಸೂರು, ಕೆಳಗೆ ಕೊರೆಯುವ ತಣ್ಣೀರು. ಅರ್ಧ ವರ್ಷ ಮಂಕು ಬೆಳಕು, ಇನ್ನರ್ಧ ವರ್ಷ ಕಗ್ಗತ್ತಲೆ. ಅಂಥ ಕಡೆ ಯಾರಿರುತ್ತಾರೆ ಅಂದುಕೊಳ್ಳಬೇಡಿ. ಅಲ್ಲಿ ಊರಿಗೆ ಊರೇ ತುಂಬಿತ್ತು.

ಆ ಊರಿನ ನಡುವೆ ಒಂದು ಬಿಳಿ ಸ್ಪಂಜು ಇತ್ತು. ಸ್ಪಂಜು ಅಂದರೆ ಗಿಡದ ಹಾಗೆ ನಿಂತಲ್ಲೇ ನಿಂತಿರುವ ಪ್ರಾಣಿ. ನೀರನ್ನು ಒಳಗೆ ಎಳೆದುಕೊಂಡು, ಅದರಲ್ಲಿ ಸಿಕ್ಕ ಚೂರುಪಾರು ತಿಂದು ಬದುಕುತ್ತದೆ. ಈ ಸ್ಪಂಜು ನೋಡುವುದಕ್ಕೆ ಬಚ್ಚಲಮನೆಯ ಹಂಡೆಯ ಹಾಗಿತ್ತು. ದಪ್ಪ ಹೊಟ್ಟೆ, ಅಗಲ ಬಾಯಿ. ಅದಕ್ಕೇ ಎಲ್ಲರೂ ಅವಳನ್ನು ಹಂಡೆಯಜ್ಜಿ ಅನ್ನುತ್ತಿದ್ದರು. ಅಜ್ಜಿಯ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಊರಿನ ಹಿರಿಯರು ಮರಿಗಳಾಗಿದ್ದಾಗಲೂ ಅಜ್ಜಿ ಹೆಚ್ಚುಕಡಿಮೆ ಇಷ್ಟೇ ಎತ್ತರ ಇದ್ದಳಂತೆ. ಅವಳ ಮೈಯ ಸಂದುಗೊಂದುಗಳಲ್ಲಿ ಸಿಗಡಿಗಳು, ಹುಳುಗಳು, ಹೆಸರಿಲ್ಲದ ಸಣ್ಣಪುಟ್ಟವರೆಲ್ಲ ಸಂಸಾರ ಹೂಡಿದ್ದರು. ಅಜ್ಜಿ ಯಾರಿಗೂ ಏಳು ಅಂದವಳಲ್ಲ.

ಆ ಊರಿನಲ್ಲಿ ಎಲ್ಲವೂ ನಿಧಾನ. ಚಳಿಗೆ ಮೈಯೇ ಮರಗಟ್ಟಿರುವಾಗ ಮಾತು ಎಲ್ಲಿಂದ ಬೇಗ ಬಂದೀತು? ಅಲ್ಲಿ ಒಂದು ಪದ್ಧತಿ ಇತ್ತು. ಯಾರಾದರೂ ಏನಾದರೂ ಕೇಳಿದರೆ ಕೂಡಲೇ ಉತ್ತರ ಕೊಡಬಾರದು. ಕೊಟ್ಟರೆ ಕೇಳಿದವರಿಗೆ ಅವಮಾನ. ಮೊದಲು "ನೆನೆಯಲಿ" ಅನ್ನಬೇಕು. ನಾವು ಕಡಲೆ ನೆನೆಹಾಕುತ್ತೇವಲ್ಲ, ಹಾಗೆ ಅವರು ಮಾತನ್ನು ನೆನೆಹಾಕುತ್ತಿದ್ದರು. ಅದು ಚೆನ್ನಾಗಿ ನೆಂದು ಮೆತ್ತಗಾದ ಮೇಲೆಯೇ ಹೂಂ ಅಥವಾ ಊಹೂಂ. ಒಂದು ಮಾತು ನೆನೆಯುತ್ತಿರುವಾಗ ಇನ್ನೊಂದು ಮಾತು ಬಂದರೆ ಅದನ್ನೂ ಅದೇ ಪಾತ್ರೆಗೆ ಸುರಿದು, ಎರಡನ್ನೂ ಮೊದಲಿನಿಂದ ನೆನೆಹಾಕಬೇಕು.

ನಗಬೇಡಿ. ಈ ಪದ್ಧತಿಯಿಂದ ಆ ಊರಿಗೆ ಒಳ್ಳೆಯದೂ ಆಗಿತ್ತು. ಊರಿನ ಮೇಲುಗಡೆ ಒಂದು ಕರಿಬಂಡೆ. ಅದರಾಚೆ ನೀರು ಆಳವಿಲ್ಲ. ಕತ್ತಲೆಯ ಕಾಲದಲ್ಲಿ ಅಲ್ಲಿ ನೆಲದ ಮೇಲೆಯೇ ಮಂಜಿನ ಹಳುಕುಗಳು, ಅಂದರೆ ಮಂಜುಗಡ್ಡೆಯ ತೆಳು ಚಕ್ಕೆಗಳು, ಬೆಳೆಯುತ್ತಿದ್ದವು. ಸಿಕ್ಕಿದವರನ್ನು ಕಚ್ಚಿ ಹಿಡಿದು, ಮೇಲಕ್ಕೆ ತೇಲಿಸಿಕೊಂಡು ಹೋಗಿ ಸೂರಿಗೆ ಅಂಟಿಸಿಬಿಡುತ್ತಿದ್ದವು. ಅವಸರ ಮಾಡಿ ಬಂಡೆ ದಾಟಿದವರು ಒಬ್ಬರೂ ಮರಳಿರಲಿಲ್ಲ. ನೆನೆಯಲಿ ಅಂದುಕೊಂಡು ಕೂತವರು ಉಳಿದಿದ್ದರು.

ಆ ವರ್ಷ ಪಟ್ಟೆಯಮ್ಮ ಎಂಬ ಮೀನು ಹಂಡೆಯಜ್ಜಿಯ ಹೊಟ್ಟೆಯೊಳಗೆ ಮೊಟ್ಟೆಯಿಟ್ಟಿದ್ದಳು. ಹಿಂದಿನ ಸಲ ಅವಳು ಬಯಲಲ್ಲಿ ಇಟ್ಟಿದ್ದಳು. ಗುಡ್ಡದಂಥ ಮಂಜುಗಡ್ಡೆಯೊಂದು ತೇಲಿಬಂದು ನೆಲವನ್ನೆಲ್ಲ ಉತ್ತುಹಾಕಿಕೊಂಡು ಹೋಗಿತ್ತು. ಒಂದು ಮೊಟ್ಟೆಯೂ ಉಳಿದಿರಲಿಲ್ಲ. ಪಟ್ಟೆಯಮ್ಮನಿಗೆ ವಯಸ್ಸಾಗಿತ್ತು. ಇನ್ನೊಂದು ಬಸಿರು ತನಗಿಲ್ಲ ಅಂತ ಅವಳಿಗೆ ಗೊತ್ತಿತ್ತು. ಅಜ್ಜಿಯ ಒಳಗೋಡೆಗೆ ಅಂಟಿದ ಆ ಮೊಟ್ಟೆಗಳಿಗೆ ಅವಳು ಹಗಲೆನ್ನದೆ ಇರುಳೆನ್ನದೆ ರೆಕ್ಕೆಯಿಂದ ನೀರು ಬೀಸುತ್ತಿದ್ದಳು. ಆ ಚಳಿಯಲ್ಲಿ ಮರಿ ಹೊರಬರಲು ಇಡೀ ಕತ್ತಲೆಯ ಕಾಲ ಕಳೆಯಬೇಕು.

ಅಜ್ಜಿಯನ್ನು ಕಾಯುವವರು ಕೆಂಪು ನಕ್ಷತ್ರಮೀನುಗಳು. ಹೆಸರಿಗೆ ಮೀನು ಅಷ್ಟೇ. ಈಜು ಬಾರದು, ಐದು ತೋಳಿನ ಮೇಲೆ ತೆವಳುತ್ತಾರೆ. ಅವರ ಹಿರಿಯ ಕೆಂಚಜ್ಜ. ಸ್ಪಂಜು ತಿನ್ನುವ ಹಳದಿ ನಕ್ಷತ್ರಮೀನು ಯಾವುದಾದರೂ ಕದ್ದು ಬಂದರೆ, ಕೆಂಪಿನವರಲ್ಲಿ ಒಬ್ಬ ಅದರ ತೋಳು ಕಚ್ಚಿ ಹಿಡಿಯುತ್ತಿದ್ದ. ಉಳಿದವರು ಮೇಲೆ ಬಿದ್ದು ಅದನ್ನೇ ಊಟ ಮಾಡುತ್ತಿದ್ದರು. ಕಳ್ಳ ಯಾರನ್ನೂ ಏನೂ ಕೇಳುವುದಿಲ್ಲವಲ್ಲ, ಹಾಗಾಗಿ ಅಲ್ಲಿ ನೆನೆಹಾಕುವುದಕ್ಕೆ ಮಾತೇ ಇರಲಿಲ್ಲ.

ಇದನ್ನೆಲ್ಲ ದೂರದಿಂದ ನೋಡಿಕೊಂಡಿದ್ದ ಒಬ್ಬ ಹಳದಿಯವನಿದ್ದ. ಹೆಸರು ನುಣ್ಣಯ್ಯ. ಮೈಯೂ ನುಣುಪು, ಮಾತೂ ನುಣುಪು. ಅವನು ಕದ್ದು ಬರಲಿಲ್ಲ. ಕತ್ತಲೆ ಶುರುವಾಗುವ ಹೊತ್ತಿಗೆ ನೇರವಾಗಿ ಕೆಂಚಜ್ಜನ ಎದುರು ಬಂದು ತೋಳು ಮುದುರಿ ನಿಂತ.

"ಹಿರಿಯರೇ, ಬಹಳ ದೂರದಿಂದ ಬಂದೆ. ಸುಸ್ತಾಗಿದೆ. ಹಂಡೆಯಜ್ಜಿಗೆ ಸ್ವಲ್ಪ ಒರಗಿಕೊಳ್ಳಲೇ?"

ಕೆಂಚಜ್ಜನಿಗೆ ಗಾಬರಿಯಾಯಿತು. ಹಳದಿಯವನೊಬ್ಬ ಅಪ್ಪಣೆ ಕೇಳಿದ್ದು ಅವನ ಆಯುಸ್ಸಿನಲ್ಲೇ ಇರಲಿಲ್ಲ. ಆದರೆ ಕೇಳಿದ್ದಾನೆ. ಕೇಳಿದ ಮೇಲೆ ಪದ್ಧತಿ ಬಿಡುವ ಹಾಗಿಲ್ಲ.

"ನೆನೆಯಲಿ" ಅಂದ ಕೆಂಚಜ್ಜ.

"ಅವಸರವೇನಿಲ್ಲ. ನೆನೆಯುವ ತನಕ ಒರಗಿರುತ್ತೇನೆ" ಅಂದ ನುಣ್ಣಯ್ಯ. ಹೋಗಿ ಅಜ್ಜಿಯ ಬೆನ್ನಿಗೆ ಅಂಟಿಕೊಂಡ.

ಮಕ್ಕಳೇ, ನಕ್ಷತ್ರಮೀನು ನಮ್ಮ ಹಾಗೆ ಊಟವನ್ನು ಹೊಟ್ಟೆಗೆ ಇಳಿಸುವುದಿಲ್ಲ. ತನ್ನ ಹೊಟ್ಟೆಯನ್ನೇ ಬಾಯಿಂದ ಹೊರಗೆ ಚಾಚಿ ಊಟದ ಮೇಲೆ ಹೊದಿಸುತ್ತದೆ. ಅದು ಒರಗಿತು ಅಂದರೆ ಉಣ್ಣಲು ಕೂತಿತು ಎಂದೇ ಲೆಕ್ಕ. ಇದು ಕೆಂಚಜ್ಜನಿಗೆ ಗೊತ್ತಿರಲಿಲ್ಲವೇ? ಅವನೂ ನಕ್ಷತ್ರಮೀನೇ. ಚೆನ್ನಾಗಿಯೇ ಗೊತ್ತಿತ್ತು. ಇದನ್ನು ಹೇಳುವಾಗೆಲ್ಲ ನನಗೆ ಸಿಟ್ಟು ಬರುತ್ತದೆ.

ಮೊದಲು ಕಂಡದ್ದು ಪಟ್ಟೆಯಮ್ಮನಿಗೆ. ಅಜ್ಜಿಯ ಬೆನ್ನಿನಲ್ಲಿ ಒಂದು ಕಡೆ ತೆಳ್ಳಗಾಗಿ, ಮಂಕು ಬೆಳಕು ಒಳಗೆ ಬರುತ್ತಿತ್ತು.

"ಅಜ್ಜೀ, ನೋಯುತ್ತಿದೆಯಾ?" ಅಂತ ಕೇಳಿದಳು.

ಅಜ್ಜಿ ಬಹಳ ಹೊತ್ತಾದ ಮೇಲೆ "ನೆನೆಯಲಿ ಮಗಾ" ಅಂದಳು.

ಪಟ್ಟೆಯಮ್ಮ ಕೆಂಚಜ್ಜನ ಹತ್ತಿರ ಓಡಿದಳು. "ಅಜ್ಜಾ, ಅವನು ತಿನ್ನುತ್ತಿದ್ದಾನೆ! ಅವನನ್ನು ಓಡಿಸುತ್ತೀರಾ ಇಲ್ಲವಾ?"

"ನೆನೆಯಲಿ ಕೂಸೇ."

"ನೆನೆಯುವಷ್ಟು ಹೊತ್ತು ಎಲ್ಲಿದೆ? ಮಕ್ಕಳು ಒಳಗಿದ್ದಾರೆ!"

"ನೀನು ಈಜುವವಳು, ನಿನಗೆ ಎಲ್ಲದಕ್ಕೂ ಆತುರ. ನಾವು ನೆಲದವರು. ನಮ್ಮಲ್ಲಿ ಹಾಗೆಲ್ಲ ಇಲ್ಲಮ್ಮ" ಅಂದ ಕೆಂಚಜ್ಜ. ಅವನ ದನಿಯಲ್ಲಿ ಸಿಡುಕಿರಲಿಲ್ಲ. ಅಕ್ಕರೆಯೇ ಇತ್ತು.

ಅವಳು ಮುಳ್ಳಪ್ಪನ ಹತ್ತಿರ ಹೋದಳು. ಮುಳ್ಳಪ್ಪ ಮೈತುಂಬ ಮುಳ್ಳಿರುವ, ಚೆಂಡಿನಂಥ ಕಡಲ ಪ್ರಾಣಿ. ತಿನ್ನಲು ಬರುವವರಿಗೆ ಹೇಸಿಗೆಯಾಗಲಿ ಅಂತ ಕಹಿಯಾದ ಕೆಂಪು ಪಾಚಿಯ ಎಲೆಗಳನ್ನು ತಲೆಗೆ ರುಮಾಲಿನ ಹಾಗೆ ಹೊತ್ತುಕೊಂಡು ತಿರುಗುತ್ತಿದ್ದ. "ನಿನ್ನ ಪಾಚಿಯನ್ನು ಅಜ್ಜಿಯ ಬೆನ್ನಿಗೆ ಹೊದಿಸುತ್ತೀಯಾ ಅಣ್ಣಾ? ಕಹಿಗೆ ಅವನು ಬಿಟ್ಟಾನು" ಅಂದಳು. ಮುಳ್ಳಪ್ಪ ರುಮಾಲು ಸರಿಮಾಡಿಕೊಂಡು, ಕಣ್ಣೀರು ಬರುವಷ್ಟು ಮರುಗಿ, "ನೆನೆಯಲಿ ತಂಗೀ" ಅಂದ.

ಆಮೇಲೆ ಅವಳೇ ನುಣ್ಣಯ್ಯನನ್ನು ಕಚ್ಚಿದಳು. ಬಾಯಿತುಂಬ ಲೋಳೆ ಬಂತು. ಮತ್ತೆ ಕಚ್ಚಿದಳು. ನುಣ್ಣಯ್ಯ ತಿರುಗಿಯೂ ನೋಡಲಿಲ್ಲ. ಅವಳ ಬಾಯಿ ಉರಿಯಿತು, ಅಷ್ಟೇ. ಕೊನೆಗೆ ಮೊಟ್ಟೆಗಳಿಗೆ ನೀರು ಬೀಸುವವರಿಲ್ಲ ಎಂದು ನೆನಪಾಗಿ ಒಳಗೆ ಹೋದಳು.

ಕತ್ತಲೆ ದಟ್ಟವಾಯಿತು. ಕೆಂಚಜ್ಜನ ಪಾತ್ರೆಯಲ್ಲಿ ಮಾತು ನೆನೆದು ಇನ್ನೇನು ಮೆತ್ತಗಾಗುವುದರಲ್ಲಿತ್ತು. ಊಹೂಂ ಎಂಬ ಉತ್ತರ ನಾಲಿಗೆಯ ಹತ್ತಿರವೇ ಬಂದಿತ್ತು. ನುಣ್ಣಯ್ಯ ಇದಕ್ಕೇ ಕಾದಿದ್ದ.

"ಹಿರಿಯರೇ, ಇನ್ನೊಂದು ಮಾತು" ಅಂದ. "ನಮ್ಮ ನೆಂಟರಿಗೂ ಸುಸ್ತಾಗಿದೆ. ಅವರೂ ಬಂದು ಒರಗಲೇ?"

ಕೆಂಚಜ್ಜ ನಿಟ್ಟುಸಿರು ಬಿಟ್ಟ. ಈ ಮಾತನ್ನೂ ಪಾತ್ರೆಗೆ ಸುರಿದ. ಎರಡನ್ನೂ ಮೊದಲಿನಿಂದ ನೆನೆಹಾಕಿದ. ನೆಂಟರು ಸಾಲುಗಟ್ಟಿ ಬಂದರು. ಹಳದಿ, ಹಳದಿ, ಹಳದಿ. ಅಜ್ಜಿಯ ಬಿಳಿಯ ಮೈ ಎಲ್ಲೂ ಕಾಣಲಿಲ್ಲ. ಸಂದುಗಳಲ್ಲಿದ್ದ ಸಿಗಡಿಗಳು ಸದ್ದಿಲ್ಲದೆ ಗಂಟುಮೂಟೆ ಕಟ್ಟಿದವು.

ಪಟ್ಟೆಯಮ್ಮ ಮಾತ್ರ ಹೋಗಲಿಲ್ಲ. ಅವಳ ಮೊಟ್ಟೆಗಳು ಗೋಡೆಗೆ ಅಂಟಿದ್ದವು. ಕಿತ್ತರೆ ಸಾಯುತ್ತವೆ. ಮೊಟ್ಟೆಗಳಲ್ಲಿ ಈಗ ಕರಿಯ ಕಣ್ಣುಗಳು ಮೂಡಿದ್ದವು. ಅವು ಆಚೀಚೆ ಹೊರಳಿ ಅವಳನ್ನು ನೋಡುತ್ತಿದ್ದವು. "ಇನ್ನು ಸ್ವಲ್ಪ ದಿನ. ಬೇಗ ಬನ್ನಿ, ಬೇಗ ಬನ್ನಿ" ಅಂತ ಬೀಸುತ್ತಲೇ ಇದ್ದಳು. ಆ ಊರಿನಲ್ಲಿ ಬೇಗ ಎಂಬ ಮಾತು ಆಡುತ್ತಿದ್ದವಳು ಅವಳೊಬ್ಬಳೇ.

ಬೆಳಕು ಹರಿಯುವ ಕಾಲಕ್ಕೆ ಕೆಂಚಜ್ಜ ಬಾಯಿ ತೆರೆದ. "ಊಹೂಂ. ಒರಗಕೂಡದು. ಅವರನ್ನು ಓಡಿಸತಕ್ಕದ್ದು."

ಕೆಂಪಿನವರೆಲ್ಲ ಹೊರಟರು. ತೆವಳಿ ತೆವಳಿ ಅಜ್ಜಿಯ ಹತ್ತಿರ ಬಂದರು. ಅಜ್ಜಿ ನಿಂತೇ ಇದ್ದಳು. ಆದರೆ ಮಾಂಸ ಉಳಿದಿರಲಿಲ್ಲ. ಗಾಜಿನ ನೂಲಿನಂಥ ಎಲುಬಿನ ಬಲೆಯೊಂದು ಹಂಡೆಯ ಆಕಾರದಲ್ಲಿ ನಿಂತಿತ್ತು, ಒಳಗೆ ಇನ್ನೂ ಒಡೆಯದ ಮೊಟ್ಟೆಗಳು. ಊಟ ಮುಗಿದಿದ್ದರಿಂದ ನೆಂಟರು ಆಗಲೇ ಎದ್ದು ಹೋಗಿದ್ದರು. ನುಣ್ಣಯ್ಯ ಒಬ್ಬ ಬಾಯಿ ಒರೆಸಿಕೊಳ್ಳುತ್ತಿದ್ದ.

"ನಿನ್ನನ್ನು ಓಡಿಸಬೇಕು ಅಂತ ತೀರ್ಮಾನವಾಗಿದೆ" ಅಂದ ಕೆಂಚಜ್ಜ.

"ಆಗಲಿ ಹಿರಿಯರೇ, ಹೊರಟೆ. ನಾನು ನಿಮ್ಮ ಮಾತು ಮೀರಿದವನಲ್ಲ" ಅಂದ ನುಣ್ಣಯ್ಯ.

ಕೆಂಪಿನವನೊಬ್ಬ ಅವನ ತೋಳಿಗೆ ಬಾಯಿ ಹಾಕಲು ಹೋದ. ನುಣ್ಣಯ್ಯ ನಕ್ಕ. "ಓಡಿಸುವ ಮಾತು ನೆನೆಹಾಕಿದ್ದೀರಿ, ಸರಿ. ಕಚ್ಚುವ ಮಾತು ಯಾವಾಗ ನೆನೆಹಾಕಿದಿರಿ?"

ಎಲ್ಲರೂ ಕೆಂಚಜ್ಜನ ಮುಖ ನೋಡಿದರು. ಕಚ್ಚುವ ಮಾತನ್ನು ಯಾರೂ ನೆನೆಹಾಕಿರಲಿಲ್ಲ. ಬಾಯಿ ಹಾಕಿದವನು ಹಿಂದೆ ಸರಿದ. ನುಣ್ಣಯ್ಯ ಇಳಿಜಾರಿನ ಮೇಲಕ್ಕೆ ತೆವಳಿಕೊಂಡು ಹೋದ.

ಅಷ್ಟರಲ್ಲಿ ನೀರು ಒಮ್ಮೆ ಜೋರಾಗಿ ಹರಿಯಿತು. ಅಜ್ಜಿಯ ಎಲುಬಿನ ಬಲೆ ಪುಡಿಪುಡಿಯಾಗಿ ಕುಸಿಯಿತು. ಮೊಟ್ಟೆಗಳು ನೆಲದ ಮೇಲೆ ಉರುಳಿದವು. ಹಸಿದ ಹುಳುಗಳು ಎಲ್ಲ ಕಡೆಯಿಂದ ಬಂದವು. ಪಟ್ಟೆಯಮ್ಮ ಬಾಯಿಗೆ ಹಿಡಿಸಿದಷ್ಟು ಮೊಟ್ಟೆ ತುಂಬಿಕೊಂಡು ಬಂಡೆಯಿಂದ ಬಂಡೆಗೆ ಹಾರಿದಳು. ಎಲ್ಲಿ ಇಡುವುದು? ಅಂಥ ಇನ್ನೊಂದು ಹಂಡೆ ಊರಿನಲ್ಲಿ ಇರಲಿಲ್ಲ. ಬಾಯಲ್ಲೇ ಇಟ್ಟುಕೊಂಡು, ಏನೂ ತಿನ್ನದೆ, ಯಾರ ಹತ್ತಿರವೂ ಮಾತಾಡದೆ ತಿರುಗಿದಳು. ಒಂದು ದಿನ ಅವೆಲ್ಲ ಜೀವ ಹೋಗಿ ಬಿಳಿಚಿಕೊಂಡವು. ಆಗ ಬಾಯಿ ತೆರೆದಳು.

ನುಣ್ಣಯ್ಯ ಕರಿಬಂಡೆಯನ್ನು ದಾಟಿದ್ದ. ಅಲ್ಲಿ ಬೆಳಕಿನ ಕಾಲದಲ್ಲಿ ಎಳೆಯ ಸ್ಪಂಜುಗಳು ಮೊಳೆತಿದ್ದವು. ತಡೆಯುವವರಿಲ್ಲ, ಅಪ್ಪಣೆ ಕೇಳಬೇಕಾಗಿಯೂ ಇಲ್ಲ. ತಿಂದ. ಮತ್ತೆ ಕತ್ತಲೆ ಬಂತು. ಇನ್ನೊಂದು ತಿಂದು ಹೊರಡೋಣ ಅಂದುಕೊಂಡ. ತೋಳೆತ್ತಿದರೆ ತೋಳು ಬರಲಿಲ್ಲ. ಮಂಜಿನ ಹಳುಕು ಅವನನ್ನು ಹಿಡಿದಾಗಿತ್ತು.

"ಹಿರಿಯರೇ! ತಪ್ಪಾಯಿತು! ಬಂದು ಬಿಡಿಸುತ್ತೀರಾ?" ಅಂತ ಕೂಗಿಕೊಂಡ.

ಕೆಳಗಿನಿಂದ ಕೆಂಚಜ್ಜನ ದನಿ ಬಂತು. "ನೆನೆಯಲಿ."

ಅವನು ಸೇಡಿಗೆ ಹೇಳಿದ್ದಲ್ಲ. ಅವನಿಗೆ ಬೇರೆ ಮಾತು ಬರುತ್ತಿರಲಿಲ್ಲ.

ಕೂಗು ಕೇಳಿ ಬೇಗ ಬಂದದ್ದು ಪಟ್ಟೆಯಮ್ಮ ಒಬ್ಬಳೇ. ಹಳುಕುಗಳು ಇನ್ನೂ ತೆಳ್ಳಗಿದ್ದವು. ಬಾಲದಿಂದ ಜೋರಾಗಿ ಬಡಿದರೆ ಮುರಿಯುತ್ತಿದ್ದವು.

"ಅಮ್ಮಾ, ನೀನಾದರೂ ಬಿಡಿಸುತ್ತೀಯಾ?" ಅಂದ ನುಣ್ಣಯ್ಯ. ಈಗ ಅವನ ಮಾತಿನಲ್ಲಿ ನುಣುಪು ಇರಲಿಲ್ಲ.

ಪಟ್ಟೆಯಮ್ಮ ಅವನನ್ನು ನೋಡುತ್ತ ನಿಂತಳು. ಹುಟ್ಟಿದಾಗಿನಿಂದ ಆಡದ ಮಾತೊಂದು ಅವಳ ಬಾಯಿಂದ ಬಂತು.

"ನೆನೆಯಲಿ."

ಹಳುಕುಗಳು ದಪ್ಪವಾದವು. ಅವನನ್ನು ನೆಲದಿಂದ ಎತ್ತಿದವು. ಅವನು ಕೂಗುತ್ತ ಕೂಗುತ್ತ ಮೇಲೆ ಹೋಗಿ ಸೂರಿಗೆ ಅಂಟಿಕೊಂಡ. ಆಮೇಲೆ ಕೂಗಲಿಲ್ಲ. ತನಗೆ ಸಂತೋಷವಾಗುತ್ತದೆ ಅಂತ ಪಟ್ಟೆಯಮ್ಮ ಅಂದುಕೊಂಡಿದ್ದಳು. ಆಗಲಿಲ್ಲ. ಎದೆಯೊಳಗೆ ಏನೂ ಇರಲಿಲ್ಲ. ಅವಳು ಆ ಊರು ಬಿಟ್ಟು ಹೋದಳು. ಎಲ್ಲಿಗೆ ಹೋದಳೋ ಯಾರಿಗೂ ತಿಳಿಯದು.

ಬೆಳಕಿನ ಕಾಲ ಬರುವ ಹೊತ್ತಿಗೆ ಕೆಂಚಜ್ಜನ ಮಾತು ನೆನೆದು ಸಿದ್ಧವಾಗಿತ್ತು. "ಹೂಂ. ತಪ್ಪು ಮಾಡಿದವನೂ ಜೀವವೇ. ಬಿಡಿಸೋಣ" ಅಂದ. ಎಲ್ಲರೂ ತೆವಳಿಕೊಂಡು ಕರಿಬಂಡೆಯ ತನಕ ಹೋದರು. ತಲೆಯೆತ್ತಿದರೆ ಸೂರಿನಲ್ಲಿ ಒಂದು ಹಳದಿ ಚುಕ್ಕೆ. ಸ್ವಲ್ಪ ಹೊತ್ತು ನೋಡಿ ವಾಪಸು ಬಂದರು.

ಅಜ್ಜಿ ಇದ್ದ ಜಾಗದಲ್ಲಿ ಗಾಜಿನ ಪುಡಿ ಬಿದ್ದಿತ್ತು. ಹೊಸ ಸ್ಪಂಜೊಂದು ಅಲ್ಲಿ ಮೊಳೆತು ಅಷ್ಟು ಎತ್ತರ ಬೆಳೆಯುವುದನ್ನು ಅವರಲ್ಲಿ ಯಾರೂ ನೋಡುವ ಹಾಗಿರಲಿಲ್ಲ. ಮುಳ್ಳಪ್ಪ ತನ್ನ ಪಾಚಿಯ ರುಮಾಲು ತೆಗೆದು ಆ ಪುಡಿಯ ಮೇಲೆ ಹೊದಿಸಿದ. ಪಟ್ಟೆಯಮ್ಮ ಕೇಳಿದ್ದಕ್ಕೆ ಅದು ಅವನ ಉತ್ತರ.

ಆಮೇಲೆ ಅವನು ಮೆಲ್ಲಗೆ ಕೇಳಿದ. "ಅಜ್ಜಾ, ಇನ್ನು ಮುಂದಾದರೂ ಕೂಡಲೇ ಉತ್ತರ ಕೊಡುವ ಪದ್ಧತಿ ಮಾಡೋಣವೇ?"

ಎಲ್ಲರೂ ಕೆಂಚಜ್ಜನ ಕಡೆಗೆ ತಿರುಗಿದರು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ.

"ನೆನೆಯಲಿ" ಅಂದ.

ನೀತಿ: ಯೋಚಿಸಿ ಮಾತಾಡುವುದು ಒಳ್ಳೆಯದೇ. ಆದರೆ ಕಣ್ಣೆದುರು ಕೇಡು ನಡೆಯುತ್ತಿರುವಾಗ ಬೇಡ ಎನ್ನಲು ತಡಮಾಡಿದವರು ಆ ಕೇಡಿಗೆ ಒಪ್ಪಿಗೆ ಕೊಟ್ಟ ಹಾಗೆಯೇ.