ಮುದ್ದೆ ದಾಸವಾಳ ಬೀಜವಿಲ್ಲದೆ ಊರೆಲ್ಲ ಹಬ್ಬಿದ್ದು

ಆಗ ಲೋಕಕ್ಕೆ ಇನ್ನೂ ಹಸಿ ಮಣ್ಣಿನ ವಾಸನೆ. ಯಾವ ಕಡೆ ಹರಿಯಬೇಕೆಂದು ನದಿಗಳಿಗೇ ಗೊತ್ತಾಗಿರಲಿಲ್ಲ. ದಾಸವಾಳಕ್ಕೆ ಮಾತ್ರ ಆಗಲೇ ಐದೆಸಳು.

ಪ್ರತಿ ಬೀಜದೊಳಗೂ ಒಂದು ನೂಲು, ನೂಲಿನ ತುಂಬ ಗಂಟು. ಒಂದು ಗಂಟು ‘ಎಲೆ ಮಾಡು’ ಎನ್ನುತ್ತಿತ್ತು. ಒಂದು ‘ಎಸಳು ಮಾಡು’ ಎನ್ನುತ್ತಿತ್ತು. ಇನ್ನೊಂದು ‘ಎಸಳು ಸಾಕು, ಇನ್ನು ಕೇಸರ ಮಾಡು’ ಎನ್ನುತ್ತಿತ್ತು. ಕೇಸರವಿದ್ದರೆ ತಾನೇ ಪರಾಗ, ಪರಾಗವಿದ್ದರೆ ತಾನೇ ಬೀಜ. ಈಗ ಆ ನೂಲಿಗೆ ಜೀನೋಮ್ ಎನ್ನುತ್ತಾರೆ, ಓದಲು ಯಂತ್ರ ಬೇಕು. ಆಗ ತಾಯಿಗಿಡಕ್ಕೆ ಕಣ್ಣೇ ಸಾಕಿತ್ತು.

ತಾಯಿ ತನ್ನ ನೂಲು ನೋಡಿಕೊಂಡು ಮಗುವಿಗೂ ಅಂಥದೇ ಗಂಟು ಹಾಕಬೇಕು. ಬೇಸರದ ಕೆಲಸ. ಹೂ ಕಟ್ಟುವವರು ಹರಟುವ ಹಾಗೆ, ತಾಯಿ ದಾಸವಾಳವೂ ಮಕರಂದ ಹೀರಲು ಬರುವ ಸೂರಕ್ಕಿಯ ಜೊತೆ ಹರಟುತ್ತಿದ್ದಳು.

“ಅಲ್ಲೊಂದು ಗಂಟು ಬಿಟ್ಟೆ ಅನ್ಸುತ್ತೆ ಅಕ್ಕ,” ಎಂದಿತು ಸೂರಕ್ಕಿ.

“ನೀನು ಮೊದಲು ಕೊಕ್ಕು ಒರೆಸಿಕೋ,” ಎಂದಳು ತಾಯಿ.

ಬಿಟ್ಟದ್ದು ನಿಜ. ‘ಎಸಳು ಸಾಕು’ ಎನ್ನುವ ಗಂಟೇ ಹೋಗಿತ್ತು.

ಆ ಬೀಜದಿಂದ ಹುಟ್ಟಿದ ಮಗಳು ಹೂ ಬಿಡಲು ಶುರುಮಾಡಿದಳು. ಎಸಳು ಮಾಡಿದಳು. ಮತ್ತೆ ಎಸಳು ಮಾಡಿದಳು. ಮತ್ತೂ ಎಸಳೇ. ನಿಲ್ಲಿಸು ಎನ್ನುವವರಿಲ್ಲ. ಕೇಸರದ ಜಾಗವೂ ಎಸಳಿಗೇ ಹೋಗಿ ಹೂವು ಕೆಂಪು ಮುದ್ದೆಯಾಯಿತು.

ಗಾಳಿ ಹೊಗಳಿತು. ಹೊಗಳುವುದಕ್ಕೆ ಗಾಳಿಗೇನು ಖರ್ಚು? ಜೇನ್ನೊಣ ಒಳಗೆ ದಾರಿ ಸಿಗದೆ ಬೈದು ಹೋಯಿತು. ಸುತ್ತಲಿನ ಗಿಡಗಳು ಕಾಯಿ ಕಟ್ಟಿದವು. ಮಗಳ ಹೂಗಳು ಬಾಡಿ ಉದುರಿದವು, ಅಷ್ಟೇ.

“ಅಮ್ಮ, ನಾನು ಹೋದಮೇಲೆ ನನ್ನಂಥದು ಇನ್ನೊಂದು ಇರಲ್ವಾ?”

“ಇರಲ್ಲ ಮಗಳೇ.” ಸುಳ್ಳು ಹೇಳಿ ಸಮಾಧಾನ ಮಾಡುವ ಗಿಡವಲ್ಲ ಅವಳು. ಆದರೆ ಅವತ್ತಿನಿಂದ ತನ್ನ ಒಂದು ಕೊಂಬೆಯನ್ನು ಬಿಸಿಲಿಗೆ ಅಡ್ಡ ಹಿಡಿದು ಮಗಳಿಗೆ ನೆರಳು ಮಾಡಿದಳು.

ಈ ಗಿಡಗಳಿದ್ದ ಹಿತ್ತಲಿನ ಮನೆಯ ಸೊಸೆ ಕೆಂಚವ್ವನಿಗೆ ಮುದ್ದೆ ಹೂ ಅಂದರೆ ಪ್ರಾಣ. ಒಂದು ಸಂಜೆ, ನಾಳೆಯ ಪೂಜೆಗೆ ಮೊಗ್ಗು ಬಾಡದಿರಲಿ ಎಂದು ಕೊಂಬೆಯನ್ನೇ ಮುರಿದು, ಹಸಿಯಿದ್ದ ಮಣ್ಣು ನೋಡಿ ಚುಚ್ಚಿಟ್ಟಳು. ಬೆಳಿಗ್ಗೆ ಅತ್ತೆ ನೋಡಿದರು. ಅದು ಬಚ್ಚಲ ನೀರು ಹರಿಯುವ ಜಾಗ.

“ಬಚ್ಚಲ ನೀರು ಕುಡಿದ ಹೂ ದೇವರಿಗೆ ಇಡ್ತೀಯೇನೆ?”

“ಹಾಗಾದ್ರೆ ಅಲ್ಲೇ ಇರಲಿ ಬಿಡಿ, ಅತ್ತೆ.”

ದೇವರನ್ನು ಯಾರೂ ಕೇಳಲಿಲ್ಲ. ಕೊಂಬೆ ಅಲ್ಲೇ ಉಳಿಯಿತು, ನೀರು ಕುಡಿಯಿತು, ಬೇರು ಬಿಟ್ಟಿತು.

ಅದು ಹೂ ಬಿಟ್ಟ ದಿನ ಮಗಳು ಬಚ್ಚಲ ಕಡೆ ನೋಡಿದಳು. ಅದೇ ಕೆಂಪು. ಅದೇ ಮುದ್ದೆ.

“ಯಾರೇ ನೀನು?”

“ನೀನೇ,” ಎಂದಿತು ಕೊಂಬೆ. “ನನ್ನ ಮುರಿದಾಗ ನಿನಗೆ ನೋವಾಯ್ತಾ?”

“ಸ್ವಲ್ಪ,” ಎಂದಳು ಮಗಳು. “ಈಗಿಲ್ಲ.”

ಅದಕ್ಕೇ ಇವತ್ತಿಗೂ ಮುದ್ದೆ ದಾಸವಾಳದಲ್ಲಿ ಕಾಯಿ ಹುಡುಕಿದರೆ ಸಿಗುವುದಿಲ್ಲ. ಆದರೆ ಕಾಂಪೌಂಡಿನ ಆಚೆಯಿಂದ ಯಾರಾದರೂ “ನಮಗೂ ಒಂದು ಕೊಂಬೆ ಕೊಡ್ರೀ” ಎಂದು ಕೈ ಚಾಚಿದಾಗ ನೋಡು, ಗಿಡ ತಾನಾಗಿಯೇ ಅತ್ತ ಕಡೆ ಒಂದಿಷ್ಟು ಬಾಗಿರುತ್ತದೆ.