ಕತ್ತೆಮರಿ ಬರೆದ ಉತ್ತರ

ಕೊಕ್ಕರೆ ಮೇಷ್ಟ್ರ ಶಾಲೆಯಲ್ಲಿ ಒಂದು ಕತ್ತೆಮರಿ ಇಂಗ್ಲಿಷ್ ಕಲಿಯುತ್ತಿತ್ತು. ಅದರ ತಾಯಿ ಇಟ್ಟಿಗೆ ಗೂಡಿನಲ್ಲಿ ಹೊರೆ ಹೊತ್ತು ಅದನ್ನು ಓದಿಸುತ್ತಿತ್ತು. ಆ ಸಲದ ಪರೀಕ್ಷೆಗೆ ಕೆಲಸಗಳ ಹೆಸರಿನ ಪಾಠವಿತ್ತು. ಡಾಕ್ಟರ್, ನರ್ಸ್, ಕ್ಲರ್ಕ್, ಅವರಿರುವ ಹಾಸ್ಪಿಟಲ್, ಆಫೀಸ್, ಎಲ್ಲವನ್ನೂ ಮರಿ ಉರುಹೊಡೆಯಿತು.

"ಹೊರೆ ಹೊರುವವರಿಗೆ ಏನೆನ್ನುತ್ತಾರೆ ಸಾರ್?" ಎಂದು ಕೇಳಿತು.

"ಪಾಠದಲ್ಲಿ ಇಲ್ಲದ್ದು ನಿನಗೇಕೆ? ಇದ್ದದ್ದನ್ನು ಕಲಿ," ಎಂದರು ಮೇಷ್ಟ್ರು.

ಪರೀಕ್ಷೆಯಲ್ಲಿ, ನಿನ್ನ ತಾಯಿಯ ಕೆಲಸವೇನು, ಎಲ್ಲಿ ಎಂಬ ಪ್ರಶ್ನೆಯೇ ಬಂತು. ಫೇಲಾಗುವ ಭಯಕ್ಕೆ ಮರಿ ನರ್ಸ್, ಹಾಸ್ಪಿಟಲ್ ಎಂದು ಬರೆದು ಪೂರ್ತಿ ಅಂಕ ಪಡೆಯಿತು.

ತಾಯಿ ಹಿಗ್ಗಿಹೋಯಿತು. "ನನ್ನ ಕೆಲಸಕ್ಕೆ ಇಂಗ್ಲಿಷಿನಲ್ಲಿ ಏನಂತಾರೋ ಮಗಾ?"

ಮರಿ ತಲೆ ತಗ್ಗಿಸಿ, "ನರ್ಸ್ ಅಂತಾರಮ್ಮ," ಎಂದಿತು.

ಇಂಗ್ಲಿಷ್ ಬಾರದ ತಾಯಿ ಅದನ್ನೇ ನಂಬಿ, ಕಂಡಕಂಡವರಿಗೆಲ್ಲ ತಾನು ನರ್ಸ್ ಎಂದು ಹೇಳಿಕೊಂಡಿತು. ಆ ಮಾತು ನಂಬಿ ಒಂದು ಮೊಲ, ನಾಯಿ ಕಚ್ಚಿದ ತನ್ನ ಮರಿಯನ್ನು ತಂದು ಅದರ ಮುಂದೆ ಮಲಗಿಸಿತು. "ಬೇಗ ಔಷಧಿ ಹಚ್ಚಮ್ಮ!"

ತಾಯಿ ದಿಕ್ಕು ತೋಚದೆ ಮಗನ ಮುಖ ನೋಡಿತು. ಮಗ ಅಳುತ್ತಾ ನಿಜ ಹೇಳುವಷ್ಟರಲ್ಲಿ ಮೊಲದ ಮರಿಯ ಉಸಿರು ನಿಂತಿತ್ತು.

"ಗೊತ್ತಿದ್ದರೆ ಡಾಕ್ಟರ ಹತ್ತಿರ ಓಡುತ್ತಿದ್ದೆನಲ್ಲ," ಎಂದು ಮೊಲ ಗೋಳಾಡಿತು.

ಮೊಲ ಹೋದ ಮೇಲೆ ತಾಯಿ ಮಗನನ್ನು ಬಯ್ಯಲಿಲ್ಲ. "ನನ್ನ ಕೆಲಸ ಬಾಯಿಬಿಟ್ಟು ಹೇಳುವಂಥದ್ದಲ್ಲ ಅಂತ ನಿನಗೆ ಅನ್ನಿಸಿತೇನೋ?" ಎಂದಷ್ಟೇ ಕೇಳಿ, ಇಟ್ಟಿಗೆ ಹೇರಿಸಿಕೊಳ್ಳಲು ಹೊರಟುಹೋಯಿತು.