ಮಂಡಕ್ಕಿ ಅಂಗಡಿಯ ಜಲಪಾತ

ದಾವಣಗೆರೆಯಲ್ಲಿ ಕೊಟ್ರಪ್ಪ ಎಂಬ ವ್ಯಾಪಾರಿಯಿದ್ದರು. ಬೀದಿಯ ಗೋಡೆಗಳಿಗೆ ಚಿತ್ರ ಬರೆಸಿಕೊಡುವುದು ಅವರ ಕಸುಬು. ಚಿತ್ರ ಬರೆಯುವವಳು ಮೆಹರುನ್ನಿಸಾ. ಗಿರಾಕಿ ಹುಡುಕಲು ಎರಡು ತಂಡ. ಒಂದಕ್ಕೆ ಪದ್ಮರಾಜ ಮುಖ್ಯಸ್ಥ, ಇನ್ನೊಂದಕ್ಕೆ ಸುಲೋಚನಾ.

"ದೀಪಾವಳಿಯೊಳಗೆ ಯಾರು ಹೆಚ್ಚು ಗೋಡೆ ಹಿಡಿಯುತ್ತಾರೋ ಅವರೇ ಹರಿಹರದ ಹೊಸ ಶಾಖೆಗೆ ಮ್ಯಾನೇಜರ್" ಎಂದರು ಕೊಟ್ರಪ್ಪ.

ಪದ್ಮರಾಜ ಹನ್ನೆರಡು ವರ್ಷ ಬಿಸಿಲಲ್ಲಿ ತಿರುಗಿದ್ದ. ಫ್ಯಾನಿನ ಕೆಳಗಿನ ಆ ಕುರ್ಚಿ ಅವನಿಗೆ ಬೇಕೇ ಬೇಕಿತ್ತು.

ಹಬ್ಬಕ್ಕೆ ವಾರವಿರುವಾಗ ಇಬ್ಬರೂ ಸಮಸಮ. ಆಗ ಮಂಡಕ್ಕಿ-ಮಿರ್ಚಿ ಅಂಗಡಿಯ ಹಾಲೇಶಪ್ಪನ ಕರೆ ಬಂತು. ಪದ್ಮರಾಜ ಓಡಿದ. ಸುಲೋಚನಾಳ ಸ್ಕೂಟರ್ ಆಗಲೇ ಅಲ್ಲಿ ನಿಂತಿತ್ತು.

"ಈ ಪಕ್ಕದ ಗೋಡೆದೊಂದು ಗೋಳೈತ್ರಿ..." ಎಂದು ಹಾಲೇಶಪ್ಪ ಶುರುಮಾಡಿದ.

"ಗೊತ್ತು ಬಿಡಿ! ನವಿಲು ಬರೆಸೋಣ" ಎಂದಳು ಸುಲೋಚನಾ.

"ನವಿಲು ಹಳೇದಾಯ್ತು. ಜಲಪಾತ! ನೋಡಿದವರಿಗೆ ನೀರಿನ ಸದ್ದೇ ಕೇಳಬೇಕು, ಹಾಗೆ!" ಎಂದ ಪದ್ಮರಾಜ.

"ಅದಲ್ರೀ, ಆ ಗೋಡೆ ಹತ್ರ..."

"ಜೊತೆಗೊಂದು ಕಾಮನಬಿಲ್ಲು, ಪುಕ್ಕಟೆ!" ಎಂದು ಪದ್ಮರಾಜ ನಡುವೆಯೇ ಬಾಯಿ ಹಾಕಿದ.

ಅತ್ತ ಬಾಣಲೆಯಲ್ಲಿ ಮಿರ್ಚಿ ಸೀಯುತ್ತಿತ್ತು. "ಏನಾದ್ರೂ ಬರೀರಿ ಅತ್ಲಾಗೆ!" ಎಂದು ಹಾಲೇಶಪ್ಪ ಒಲೆಯ ಕಡೆ ಓಡಿದ. ಗೋಡೆ ತನ್ನದಾಯಿತೆಂದು ಪದ್ಮರಾಜ ಮೀಸೆ ತಿರುವಿದ.

ಜಲಪಾತ ಮುಗಿದ ಮೂರನೇ ದಿನ ಹಾಲೇಶಪ್ಪ ಮೂಗಿಗೆ ಟವೆಲ್ ಒತ್ತಿಕೊಂಡೇ ಕೊಟ್ರಪ್ಪನವರ ಆಫೀಸಿಗೆ ನುಗ್ಗಿದ.

"ಹೋಗಿಬರೋರೆಲ್ಲ ಆ ಗೋಡೆಗೆ ಉಚ್ಚೆ ಹೊಯ್ತಾರೆ, ಅದನ್ನ ನಿಲ್ಲಿಸ್ರಿ ಅಂತ ಕರೆದ್ರೆ ಜಲಪಾತ ಬರೆಸ್ಯಾನೆ! ಮೊದಲು ಹತ್ತು ಜನ ಬರೋರು. ಈಗ ಸಾಲುಗಟ್ಟಿ ನಿಲ್ತಾರೆ. ಒಬ್ಬನಂತೂ ನಿಂತಲ್ಲಿಂದ್ಲೇ 'ಅಣ್ಣಾ, ಈ ನೀರು ನೋಡಿದ್ರೆ ತಡೆಯಕ್ಕೇ ಆಗಲ್ಲ' ಅಂತಾನೆ!"

ಪದ್ಮರಾಜನ ಬಾಡಿದ ಮುಖ ನೋಡುವ ಖುಷಿಯಲ್ಲಿ ಸುಲೋಚನಾ ಗಿರಾಕಿಯ ಮಾತನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಥಟ್ಟನೆ ಎದ್ದಳು.

"ನಾನು ಸರಿಮಾಡ್ತೀನಿ ಸಾರ್. ಜಲಪಾತ ಅಳಿಸಿ ದೊಡ್ಡದೊಂದು ಸಮುದ್ರ ಬರೆಸೋಣ!"

ಹಾಲೇಶಪ್ಪ ತಲೆಯ ಮೇಲೆ ಕೈಹೊತ್ತ. ಆಗ ಮೂಲೆಯಲ್ಲಿ ಕುಂಚ ತೊಳೆಯುತ್ತಿದ್ದ ಮೆಹರುನ್ನಿಸಾ ಮೆಲ್ಲಗೆ ಕೇಳಿದಳು, "ಅಣ್ಣಾ, ಅಲ್ಲಿ ನಿಂತೋರು ಯಾರನ್ನ ಕಂಡ್ರೆ ಓಡ್ತಾರೆ?"

"ನಮ್ಮವ್ವ ಕಸಬರಿಗೆ ಹಿಡ್ಕೊಂಡು ಬಂದ್ರೆ ಓಡ್ತಾರವ್ವಾ. ಏನ್ಮಾಡೋದು, ಆಕಿಗೀಗ ಮಂಡಿನೋವು."

ಮೆಹರುನ್ನಿಸಾ ಜಲಪಾತ ಅಳಿಸಿ ಆ ಅವ್ವನನ್ನೇ ಬರೆದಳು. ಆಳೆತ್ತರದ ಮೈ, ಎತ್ತಿದ ಕಸಬರಿಗೆ, ಎಲ್ಲಿ ನಿಂತರೂ ನಿಮ್ಮನ್ನೇ ನೋಡುವ ಎರಡು ಕಣ್ಣು. ಮರುದಿನ ಬಂದ ಮೊದಲನೆಯವನು ತಲೆಯೆತ್ತಿದ, "ತಪ್ಪಾಯ್ತವ್ವಾ!" ಎಂದು ಪ್ಯಾಂಟು ಹಿಡಿದುಕೊಂಡು ಓಡಿದ.

ಹರಿಹರದ ಕುರ್ಚಿ ಮೆಹರುನ್ನಿಸಾಳ ಪಾಲಾಯಿತು.

"ಗೋಡೆ ಹಿಡಿದದ್ದು ನಾನಲ್ವಾ ಸಾರ್?" ಎಂದು ಪದ್ಮರಾಜ ಗೋಗರೆದ.

"ಹಿಡಿದವನು ನೀನೇ ಕಣಪ್ಪಾ. ಆದರೆ ಹಾಲೇಶಪ್ಪ ಏನು ಹೇಳೋಕೆ ಹೊರಟಿದ್ದ ಅಂತ ಅವತ್ತು ನಿನಗೆ ಗೊತ್ತಿತ್ತೇ?" ಎಂದರು ಕೊಟ್ರಪ್ಪ.

ಪದ್ಮರಾಜ ಛತ್ರಿ ತೆಗೆದುಕೊಂಡು ಬಿಸಿಲಿಗೆ ಇಳಿದ.

ನೀತಿ: ಎದುರಾಳಿಯನ್ನು ಸೋಲಿಸುವ ಆತುರದಲ್ಲಿ ಗಿರಾಕಿಯ ಮಾತು ಕತ್ತರಿಸಬೇಡಿ. ಪೂರ್ತಿ ಕೇಳಿಸಿಕೊಳ್ಳುವುದೇ ಕೆಲಸದ ಮೊದಲ ಭಾಗ. ಅದನ್ನು ಬಿಟ್ಟವನು ಉಳಿದದ್ದನ್ನು ಎಷ್ಟೇ ಚೆನ್ನಾಗಿ ಮಾಡಿದರೂ ಕೆಲಸ ಕೆಟ್ಟಿತೆಂದೇ ತಿಳಿಯಿರಿ.